ಲೆಕ್ಕ ತಪ್ಪಿತೋ, ತಾಳ ತಪ್ಪಿತೋ?

(ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೇನೆ.)

‘ತಪ್ಪು’ ಅನ್ನುವ ಪದವನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ, ಸುಮ್ನೆ ಒಮ್ಮೆ ನೆನಪಿಸಿಕೊಳ್ಳಿ. ಲೆಕ್ಕ ತಪ್ಪಿತು. ಬಸ್ಸು ತಪ್ಪಿತು. ಗುರಿ ತಪ್ಪಿತು. ದಾರಿ ತಪ್ಪಿದ. ಕೊಟ್ಟ ಮಾತಿಗೆ ತಪ್ಪಿದ. ಹಾಡುವಾಗ ತಾಳ ತಪ್ಪಿತು. ಇಷ್ಟೆಲ್ಲ ಆದಮೇಲೆ, ಅಷ್ಟು ಚಿಕ್ಕ ಮಗುವಿಗೆ ಹೊಡೆದದ್ದು ತಪ್ಪು. ಕೂಡುವಾಗ ಆದ ಎಡವಟ್ಟಿಗೂ, ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯಕ್ಕೂ ಒಂದೇ ಪದ.

ಇವತ್ತಿನ ಪ್ರಶ್ನೆಯನ್ನು ಈ ಪದ ಹಿಡಿದುಕೊಂಡೇ ಕೇಳಬಹುದು. ಏಳಕ್ಕೆ ಐದು ಕೂಡಿಸಿ ಹದಿಮೂರು ಅಂದರೆ ಅದು ತಪ್ಪು. ಯಾರು ಕೂಡಿಸಿದರೂ ತಪ್ಪು. ಊರಿಗೆ ಊರೇ ಸೇರಿ ಹದಿಮೂರು ಅಂತ ಕೈ ಎತ್ತಿದರೂ ತಪ್ಪು. ತಾಳದ ಕತೆ ಬೇರೆ. ಎಂಟು ಎಣಿಕೆಯ ತಾಳವನ್ನು ಏಳಕ್ಕೇ ಮುಗಿಸಿದರೆ ತಾಳ ತಪ್ಪಿತು ಅನ್ನುತ್ತೇವೆ. ಆದರೆ ಏಳು ಎಣಿಕೆಯ ತಾಳವೂ ಇದೆ. ಒಂದರಲ್ಲಿ ತಪ್ಪಾದದ್ದು ಇನ್ನೊಂದರಲ್ಲಿ ಸರಿ. ಹಾಗಾದರೆ ಮಗುವಿಗೆ ಹೊಡೆದದ್ದು ತಪ್ಪು ಅಂದೆವಲ್ಲ, ಅದು ಯಾವ ಜಾತಿಯ ತಪ್ಪು? ಲೆಕ್ಕದ್ದೋ, ತಾಳದ್ದೋ?

ತಾಳದ್ದು ಅನ್ನುವವರಿಗೆ ಸಾಂಸ್ಕೃತಿಕ ಸಾಪೇಕ್ಷತಾವಾದಿಗಳು ಅಂತ ಹೆಸರು. ಹೆಸರು ಉದ್ದ, ಹೇಳುವುದು ಚಿಕ್ಕದು. ಸರಿ-ತಪ್ಪು ಆಯಾ ಸಮಾಜದ ರೂಢಿಗೆ ಸೇರಿದ್ದು, ಎಲ್ಲ ರೂಢಿಗಳ ಹೊರಗೆ ನಿಂತು ಅಳೆಯುವ ಕೋಲು ಯಾರ ಕೈಯಲ್ಲೂ ಇಲ್ಲ ಅನ್ನುತ್ತಾರೆ. ಲೆಕ್ಕದ್ದು ಅನ್ನುವವರು ವಸ್ತುನಿಷ್ಠ ನೈತಿಕ ಸತ್ಯ ಇದೆ ಅನ್ನುವವರು. ನಾವು ಒಪ್ಪಲಿ, ಬಿಡಲಿ, ಅದು ಇದ್ದೇ ಇರುತ್ತದೆ ಅನ್ನುತ್ತಾರೆ. ನಾನು ಎಲ್ಲಿ ನಿಲ್ಲುತ್ತೇನೆ ಅಂತ ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದು ಬೇಡ. ತಾಳದ ಉತ್ತರ ನನಗೆ ಸಾಲುವುದಿಲ್ಲ. ಲೆಕ್ಕದ ಉತ್ತರ ಪೂರ್ತಿ ದಕ್ಕುವುದಿಲ್ಲ.

ತಾಳದವರ ಹಳೆಯ ಸಾಕ್ಷಿ ಹೆರೊಡೊಟಸ್. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ. ಅವನು ಹೇಳುವ ಒಂದು ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪರ್ಷಿಯಾದ ದೊರೆ ಡೇರಿಯಸ್ ತನ್ನಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ದುಡ್ಡು ಕೊಟ್ಟರೆ ನಿಮ್ಮ ಅಪ್ಪಂದಿರ ಹೆಣ ತಿನ್ನುತ್ತೀರಿ ಅಂತ ಕೇಳಿದನಂತೆ. ಏನು ಕೊಟ್ಟರೂ ಇಲ್ಲ ಅಂದರು. ಆಮೇಲೆ, ಸತ್ತ ಹೆತ್ತವರನ್ನು ತಿನ್ನುವ ರೂಢಿ ಇದ್ದ ಕಲ್ಲಾಟಿಯರು ಅನ್ನುವ ಜನರನ್ನು ಕರೆಸಿದ. ಗ್ರೀಕರ ಎದುರಿಗೇ, ಎಷ್ಟು ಕೊಟ್ಟರೆ ಹೆಣ ಸುಡುತ್ತೀರಿ ಅಂತ ಕೇಳಿದ. ಅವರು ಕೂಗಿಕೊಂಡರು. ಅಂಥ ಮಾತನ್ನು ಬಾಯಲ್ಲಿ ತರಬೇಡ ಅಂದರು. ಕತೆ ಮುಗಿಸಿ ಹೆರೊಡೊಟಸ್, ರೂಢಿಯೇ ಎಲ್ಲರ ದೊರೆ ಅಂತ ಪಿಂಡಾರ್ ಕವಿ ಹೇಳಿದ್ದು ಸರಿ ಅನ್ನುತ್ತಾನೆ. ಶಾಸ್ತ್ರಕ್ಕಿಂತ ರೂಢಿ ಬಲ ಅಂತ ನಾವೂ ಅನ್ನುತ್ತೇವೆ, ಅಲ್ವಾ?

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಈ ಕತೆ ಪುಸ್ತಕದಲ್ಲಿ ಯಾವ ಜಾಗದಲ್ಲಿ ಬರುತ್ತದೆ ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಹಿಂದಿನ ಪುಟಗಳಲ್ಲಿ ಇರುವುದು ಕ್ಯಾಂಬೈಸಿಸ್, ಪರ್ಷಿಯಾದ ಇನ್ನೊಬ್ಬ ದೊರೆ. ಅವನು ಈಜಿಪ್ಟನ್ನು ಗೆದ್ದ. ಅಲ್ಲಿನವರು ದೇವರೆಂದು ಪೂಜಿಸುತ್ತಿದ್ದ ಏಪಿಸ್ ಕರುವನ್ನು ಇರಿದ. ಗುಡಿಯೊಳಗೆ ಹೋಗಿ ವಿಗ್ರಹ ನೋಡಿ ನಕ್ಕ. ಹುಚ್ಚು ಹಿಡಿದವನು ಮಾತ್ರ ಹೀಗೆ ಬೇರೆಯವರ ರೂಢಿಯನ್ನು ಗೇಲಿ ಮಾಡುತ್ತಾನೆ ಅನ್ನುವುದು ಹೆರೊಡೊಟಸ್‌ನ ತೀರ್ಪು. ಆ ತೀರ್ಪಿಗೆ ಸಾಕ್ಷಿಯಾಗಿ ಹೆಣದ ಕತೆ ಬರುತ್ತದೆ. ನೋಡಿ, ಯಾರ ರೂಢಿ ಅವರಿಗೆ ಅನ್ನುವುದಕ್ಕೆ ನಾವು ಎತ್ತಿ ತೋರಿಸುವ ಕತೆಯನ್ನು ಆ ಮನುಷ್ಯ ಬರೆದದ್ದು ಬೇರೆ ನಾಡಿನ ದೊರೆಯನ್ನು ಖಂಡಿಸಲು. ಗೆದ್ದವನು ಸೋತವರ ದೇವರನ್ನು ನೋಡಿ ನಗುವುದು ಪರ್ಷಿಯಾದ ರೂಢಿಯಲ್ಲಿ ಸರಿಯೋ ಏನೋ ಅಂತ ಅವನು ಕೇಳಲಿಕ್ಕೇ ಹೋಗುವುದಿಲ್ಲ.

ಈ ಎಡವಟ್ಟು ಮುಂದೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಮೊದಲು ಸಾಪೇಕ್ಷವಾದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಬೇಕು.

19ನೇ ಶತಮಾನದ ಕೊನೆಯಲ್ಲಿ ಮಾನವಶಾಸ್ತ್ರ ಅಂದರೆ ಹೆಚ್ಚುಕಡಿಮೆ ಒಂದು ಏಣಿ. 1877ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಮನುಷ್ಯ ಸಮಾಜಗಳನ್ನು ಕಾಡುಸ್ಥಿತಿ, ಅನಾಗರಿಕ ಸ್ಥಿತಿ, ನಾಗರಿಕತೆ ಅಂತ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ. ಮೇಲಿನ ಮೆಟ್ಟಿಲಲ್ಲಿ ಯಾರು ಕೂತಿದ್ದರು ಅಂತ ಹೇಳಬೇಕಾಗಿಲ್ಲ. ಏಣಿ ಬರೆದವರೇ ಕೂತಿದ್ದರು. ಫ್ರಾನ್ಸ್ ಬೋವಾಸ್ ಈ ಏಣಿಗೆ ಕೈ ಹಾಕಿದ. ಜರ್ಮನಿಯಲ್ಲಿ ಹುಟ್ಟಿ ಭೌತಶಾಸ್ತ್ರ ಓದಿದವನು. 1883ರಲ್ಲಿ ಉತ್ತರದ ಬ್ಯಾಫಿನ್ ದ್ವೀಪಕ್ಕೆ ನಕ್ಷೆ ಬರೆಯಲು ಹೋಗಿ ಇನುಯಿಟ್ ಜನರ ಜೊತೆ ಇದ್ದ. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ. ಒಂದು ರೂಢಿ ಅರ್ಥವಾಗಬೇಕಾದರೆ ಅದನ್ನು ಬಾಳುವವರ ಜಗತ್ತಿನ ಒಳಗಿಟ್ಟು ನೋಡು, ನಿನ್ನ ಊರಿನ ಅಳತೆಗೋಲನ್ನು ಸ್ವಲ್ಪ ಹೊತ್ತು ಕೆಳಗಿಡು ಅನ್ನುವುದು ಅವನ ಪಾಠ. ಜನಾಂಗದಿಂದ ಬುದ್ಧಿ, ಯೋಗ್ಯತೆ ತೀರ್ಮಾನವಾಗುತ್ತದೆ ಅನ್ನುವ ಆ ಕಾಲದ ‘ವಿಜ್ಞಾನ’ದ ಮೇಲೆ ಅವನು 1942ರಲ್ಲಿ ಸಾಯುವವರೆಗೂ ಜಗಳ ಬಿಡಲಿಲ್ಲ. ನನಗೆ ಅವನ ಬಗ್ಗೆ ಬಹಳ ಗೌರವ ಇದೆ.

ಆದರೆ ಗಮನಿಸಿ. ಅಳತೆಗೋಲನ್ನು ಸ್ವಲ್ಪ ಹೊತ್ತು ಕೆಳಗಿಡು ಅನ್ನುವುದು ನೋಡುವ ವಿಧಾನ. ಅಳತೆಗೋಲೇ ಇಲ್ಲ ಅನ್ನುವುದು ಬೇರೆ ಮಾತು. ಎರಡೂ ಕಡೆಯ ವಾದ ಪೂರ್ತಿ ಕೇಳುವ ತನಕ ನ್ಯಾಯಾಧೀಶರು ಬಾಯಿ ಬಿಡುವುದಿಲ್ಲ. ಅದರಿಂದ ತೀರ್ಪು ಅನ್ನುವುದೇ ಇಲ್ಲ ಅಂತ ಆಗುತ್ತದೆಯೇ? ಬೋವಾಸ್‌ನ ಶಿಷ್ಯೆ ರೂತ್ ಬೆನೆಡಿಕ್ಟ್ 1934ರಲ್ಲಿ ಈ ಗೆರೆ ದಾಟಿದಳು. ನೀತಿ ಅಂದರೆ ಸಮಾಜ ಒಪ್ಪಿಕೊಂಡ ಅಭ್ಯಾಸಗಳಿಗೆ ಇಟ್ಟ ಅನುಕೂಲದ ಹೆಸರು, ಅಷ್ಟೇ ಅಂದಳು.

ಗೆರೆ ದಾಟಿದರೆ ಏನಾಗುತ್ತದೆ ಅನ್ನುವುದು 1947ರಲ್ಲಿ ಎಲ್ಲರಿಗೂ ಕಾಣಿಸಿತು. ಎರಡನೇ ಮಹಾಯುದ್ಧ ಮುಗಿದಿತ್ತು. ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯ ಕರಡು ನಡೆಯುತ್ತಿತ್ತು. ಅಮೆರಿಕದ ಮಾನವಶಾಸ್ತ್ರ ಸಂಘದ ಕಾರ್ಯಕಾರಿ ಮಂಡಳಿ ಅಲ್ಲಿಗೆ ಒಂದು ಹೇಳಿಕೆ ಕಳಿಸಿತು. ಬರೆದವನು ಬೋವಾಸ್‌ನದೇ ಶಿಷ್ಯ ಮೆಲ್ವಿಲ್ ಹರ್ಸ್ಕೊವಿಟ್ಸ್. ಮೌಲ್ಯಗಳು ಅವು ಹುಟ್ಟಿದ ಸಂಸ್ಕೃತಿಗೆ ಸಾಪೇಕ್ಷ, ಹಾಗಿರುವಾಗ ಪಶ್ಚಿಮ ಯೂರೋಪ್ ಮತ್ತು ಅಮೆರಿಕದ ಮೌಲ್ಯಗಳನ್ನು ಇಡೀ ಲೋಕಕ್ಕೆ ಹೇಗೆ ಹೊದಿಸುತ್ತೀರಿ ಅನ್ನುವುದು ಅದರ ಪ್ರಶ್ನೆ. ಆದ್ದರಿಂದ ಸಂಸ್ಕೃತಿಗಳ ನಡುವಿನ ವ್ಯತ್ಯಾಸವನ್ನು ಗೌರವಿಸಬೇಕು ಅಂತ ಕೇಳಿಕೊಂಡಿತು.

ಗೌರವಿಸಬೇಕು. ಯಾರು? ಎಲ್ಲರೂ! ಹಾಗಾದರೆ ಆ ‘ಬೇಕು’ ಯಾವ ಸಂಸ್ಕೃತಿಯದು? ಬೇರೆಯವರನ್ನು ಗೌರವಿಸಬಾರದು ಅನ್ನುವುದೇ ಒಂದು ಸಮಾಜದ ರೂಢಿಯಾಗಿದ್ದರೆ ಅದನ್ನೂ ಗೌರವಿಸಬೇಕೇ? ಮರುವರ್ಷವೇ ಜೂಲಿಯನ್ ಸ್ಟ್ಯೂವರ್ಡ್ ಅನ್ನುವ ಮಾನವಶಾಸ್ತ್ರಜ್ಞ ಈ ಎಳೆ ಹಿಡಿದು ಎಳೆದ. ಒಂದೋ ಎಲ್ಲವನ್ನೂ ಸಹಿಸಿಕೊಂಡು ಕೈಕಟ್ಟಿ ಕೂರಿ, ಇಲ್ಲ ಅಸಹನೆ-ಆಕ್ರಮಣಗಳ ವಿರುದ್ಧ ನಿಲ್ಲಿ, ಎರಡೂ ಆಗುವುದಿಲ್ಲ ಅನ್ನುವ ಅರ್ಥದಲ್ಲಿ ಬರೆದ. 1999ರಲ್ಲಿ ಅದೇ ಸಂಘ ಮಾನವ ಹಕ್ಕುಗಳ ಪರವಾಗಿ ಹೊಸ ಘೋಷಣೆ ಒಪ್ಪಿಕೊಂಡಿತು.

ಇನ್ನೊಂದು ಮಾತು. ವಿಶ್ವಸಂಸ್ಥೆಯ ಆ ಘೋಷಣೆ ಬರೀ ಪಶ್ಚಿಮದ್ದು ಅನ್ನುವುದೂ ಅಷ್ಟು ಸರಿಯಲ್ಲ. ಕರಡಿನ ಮೇಜಿನ ಸುತ್ತ ಚೀನಾದ ಪಿ.ಸಿ. ಚಾಂಗ್ ಇದ್ದರು, ಲೆಬನಾನಿನ ಚಾರ್ಲ್ಸ್ ಮಲಿಕ್ ಇದ್ದರು. ಮೊದಲನೇ ವಿಧಿಯಲ್ಲಿ ‘ಎಲ್ಲ ಪುರುಷರು’ ಅನ್ನುವ ಅರ್ಥ ಬರುವ ಇಂಗ್ಲಿಷ್ ಪದ ಇತ್ತು. ಅದನ್ನು ‘ಎಲ್ಲ ಮಾನವರು’ ಅಂತ ಮಾಡಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. 1948ರ ಡಿಸೆಂಬರ್ 10ರಂದು ಮತಕ್ಕೆ ಹಾಕಿದಾಗ 48 ದೇಶ ಪರವಾಗಿ ನಿಂತವು, 8 ತಟಸ್ಥ, ವಿರುದ್ಧ ಒಂದೂ ಇಲ್ಲ. ಇದರಿಂದ ಘೋಷಣೆ ಸತ್ಯ ಅಂತ ಸಾಬೀತಾಗುವುದಿಲ್ಲ ಬಿಡಿ. ಕೈ ಎತ್ತುವುದರಿಂದ ಲೆಕ್ಕ ಸರಿಹೋಗುವುದಿಲ್ಲ ಅಂತ ನಾನೇ ಈಗ ತಾನೇ ಹೇಳಿದೆ.

ಇಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಬರುತ್ತದೆ. ಲೋಕೋ ಭಿನ್ನರುಚಿಃ ಅನ್ನುತ್ತಾರೆ, ಇಷ್ಟು ಭಿನ್ನಾಭಿಪ್ರಾಯ ಇರುವ ಕಡೆ ಸತ್ಯ ಎಲ್ಲಿಂದ ಬಂತು? ಇದಕ್ಕೆ ಜಾಸ್ತಿ ಹೊತ್ತು ಬೇಕಾಗಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ವೈದ್ಯ, ಬಾಣಂತಿಯರು ಜ್ವರದಿಂದ ಸಾಯುವುದಕ್ಕೆ ನಮ್ಮ ಕೈಯೇ ಕಾರಣ, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಅಂದ. ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ. ಭಿನ್ನಾಭಿಪ್ರಾಯ ವರ್ಷಗಟ್ಟಲೆ ಇತ್ತು. ಆ ವರ್ಷಗಳಲ್ಲಿ ಜ್ವರಕ್ಕೆ ಕಾರಣವೇ ಇರಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಜಗಳ ಇದೆ ಅನ್ನುವುದರಿಂದ ಜಗಳದ ವಸ್ತು ಇಲ್ಲ ಅಂತಾಗುವುದಿಲ್ಲ. ಆದರೆ ಸಾವುಗಳನ್ನು ಎಣಿಸಿ ಆ ಜಗಳ ಮುಗಿಸಬಹುದಿತ್ತು, ನೀತಿಯ ಜಗಳದಲ್ಲಿ ಏನನ್ನು ಎಣಿಸುತ್ತೀರಿ ಅಂತ ನೀವು ಕೇಳಿದರೆ, ಆ ಪ್ರಶ್ನೆ ನಿಜಕ್ಕೂ ಕಷ್ಟದ್ದು. ಅದಕ್ಕೆ ಬರುತ್ತೇನೆ.

ಸಾಪೇಕ್ಷವಾದ ನನಗೆ ಸಾಲುವುದಿಲ್ಲ ಅನ್ನುವುದಕ್ಕೆ ಮುಖ್ಯ ಕಾರಣ ತರ್ಕದ್ದಲ್ಲ. ಕಾಲು ಕಟ್ಟುವ ಪದ್ಧತಿಯದ್ದು. ಚೀನಾದಲ್ಲಿ ಸುಮಾರು ಸಾವಿರ ವರ್ಷ ನಡೆದದ್ದು. ಪುಟ್ಟ ಹುಡುಗಿಯರ ಕಾಲ್ಬೆರಳುಗಳನ್ನು ಅಂಗಾಲಿನ ಅಡಿಗೆ ಮಡಚಿ ಬಟ್ಟೆಯಿಂದ ಬಿಗಿದು ಕಟ್ಟುತ್ತಿದ್ದರು. ಮೂಳೆ ಮುರಿದು ಪಾದ ಬಾಗಬೇಕು, ಬೆಳೆಯಬಾರದು. ಕಟ್ಟುತ್ತಿದ್ದವರು ಹೆಚ್ಚಾಗಿ ತಾಯಂದಿರು. ಕ್ರೌರ್ಯದಿಂದ ಅಲ್ಲ. ಕಾಲು ಕಟ್ಟದ ಹುಡುಗಿಗೆ ಒಳ್ಳೆಯ ಮನೆಯ ಗಂಡು ಸಿಗುವುದಿಲ್ಲ ಅನ್ನುವ ಭಯದಿಂದ. ಮಗಳ ಒಳ್ಳೆಯದಕ್ಕೇ ಅಂದುಕೊಂಡು.

ಇದಕ್ಕೆ ಸಾಪೇಕ್ಷವಾದಿ ಏನು ಹೇಳಬೇಕು? ಆ ಸಂಸ್ಕೃತಿಯಲ್ಲಿ ಅದು ಸರಿ ಅನ್ನಬೇಕು. ಸರಿ, ‘ಆ ಸಂಸ್ಕೃತಿ’ ಅಂದರೆ ಯಾರು? 13ನೇ ಶತಮಾನದಲ್ಲೇ ಚೆ ರುವೊಶ್ವೆಯ್ ಅನ್ನುವ ಚೀನೀ ಪಂಡಿತ ಈ ಪದ್ಧತಿಯನ್ನು ಪ್ರಶ್ನಿಸಿ ಬರೆದಿದ್ದಾನೆ. ನಾಲ್ಕೈದು ವರ್ಷವೂ ತುಂಬದ, ಏನೂ ತಪ್ಪು ಮಾಡದ ಮಕ್ಕಳಿಗೆ ಇಷ್ಟು ನೋವು ಕೊಟ್ಟು ಪಾದ ಚಿಕ್ಕದು ಮಾಡುವುದರಿಂದ ಏನು ಪ್ರಯೋಜನ ಅನ್ನುವುದು ಅವನ ಪ್ರಶ್ನೆ. ಯೂರೋಪಿನ ಪಾದ್ರಿಗಳು ಬಂದು ಪಾಠ ಹೇಳುವುದಕ್ಕೆ ಎಷ್ಟೋ ಶತಮಾನ ಮೊದಲು. ಅವನು ಆ ಸಂಸ್ಕೃತಿಯ ಒಳಗಿನವನು, ಅದೇ ಭಾಷೆಯವನು. ಆದರೂ ರೂಢಿಯೇ ಅಳತೆಗೋಲು ಅಂತಾದರೆ ಅವನು ಹೇಳಿದ್ದು ತಪ್ಪು, ಯಾಕೆಂದರೆ ಎಲ್ಲರೂ ಬೇರೆ ಮಾಡುತ್ತಿದ್ದರು. 1898ರಲ್ಲಿ ಕಾಂಗ್ ಯೂವೆಯ್ ಈ ಪದ್ಧತಿ ನಿಲ್ಲಿಸಿ ಅಂತ ಚಕ್ರವರ್ತಿಗೆ ಮನವಿ ಕೊಟ್ಟ. ಆಗಲೂ ರೂಢಿ ಬದಲಾಗಿರಲಿಲ್ಲ, ಹಾಗಾಗಿ ಅವನದೂ ತಪ್ಪು. 1912ರಲ್ಲಿ ಗಣರಾಜ್ಯ ಬಂದು ನಿಷೇಧಿಸಿತು. ನಿಧಾನವಾಗಿ ರೂಢಿ ತಿರುಗಿತು. ಆಮೇಲೆ ಅವರಿಬ್ಬರ ಮಾತೂ ‘ಸರಿ’ ಆಯಿತೇ? ಮುರಿದ ಮೂಳೆಯ ನೋವು ಮೊದಲೂ ಅಷ್ಟೇ ಇತ್ತು. ಹುಡುಗಿಯ ಅಳು ಮೊದಲೂ ಅಷ್ಟೇ ಇತ್ತು. ಬದಲಾದದ್ದು ಕೈ ಎತ್ತಿದವರ ಸಂಖ್ಯೆ ಮಾತ್ರ.

ಒಂದು ಸಮಾಜದ ಒಳಗೆ ಮೊದಲು ‘ಇದು ತಪ್ಪು’ ಅಂದವನು ಯಾವಾಗಲೂ ತಪ್ಪೇ ಆಗುವಂಥ ಸಿದ್ಧಾಂತ ನನಗೆ ಬೇಡ. ಸಾಪೇಕ್ಷವಾದಿಗಳಲ್ಲಿ ಹೆಚ್ಚಿನವರು ಮೃದು ಮನಸ್ಸಿನವರು, ದುರ್ಬಲರ ಪರ ಇರುವವರು, ಅದು ನನಗೆ ಗೊತ್ತು. ಆದರೆ ಅವರ ಸಿದ್ಧಾಂತ ಸಂಸ್ಕೃತಿಗೆ ಒಂದೇ ಬಾಯಿ ಇದೆ ಅಂದುಕೊಳ್ಳುತ್ತದೆ. ಆ ಬಾಯಿ ಯಾರದು? ಕಾಲು ಕಟ್ಟಿಸಿಕೊಂಡ ಐದು ವರ್ಷದ ಹುಡುಗಿಯದು ಅಲ್ಲ.

ಇಲ್ಲಿಗೆ ಲೆಕ್ಕದವರು ಗೆದ್ದರು ಅಂತ ಚಪ್ಪಾಳೆ ತಟ್ಟಬೇಡಿ. ನನ್ನ ಕಡೆಯ ತೊಂದರೆ ಶುರುವಾಗುವುದೇ ಇಲ್ಲಿ.

ಸುಲಭದ ಒಂದು ಸಮಾಧಾನ ಇದೆ, ಅದನ್ನು ಮೊದಲು ಬದಿಗೆ ಸರಿಸೋಣ. 2019ರಲ್ಲಿ ಆಲಿವರ್ ಸ್ಕಾಟ್ ಕರಿ ಮತ್ತು ಸಂಗಡಿಗರು 60 ಸಮಾಜಗಳ ಬಗ್ಗೆ ಮಾನವಶಾಸ್ತ್ರಜ್ಞರು ಬರೆದಿಟ್ಟ ದಾಖಲೆಗಳನ್ನು ತೆಗೆದು ನೋಡಿದರು. ಬಂಧುಗಳಿಗೆ ನೆರವಾಗು, ಗುಂಪಿಗೆ ನೆರವಾಗು, ಮಾಡಿದ ಉಪಕಾರ ತೀರಿಸು, ಧೈರ್ಯವಾಗಿರು, ಮೇಲಿನವರಿಗೆ ತಗ್ಗಿ ನಡೆ, ಸರಿಯಾಗಿ ಹಂಚು, ಬೇರೆಯವರ ಸೊತ್ತು ಮುಟ್ಟಬೇಡ. ಈ ಏಳರ ಬಗ್ಗೆ ಸಿಕ್ಕ 962 ಉಲ್ಲೇಖಗಳಲ್ಲಿ 961 ಕಡೆ ಅದನ್ನು ಒಳ್ಳೆಯದು ಅಂತಲೇ ಎಣಿಸಿದ್ದರು. ಉಳಿದ ಒಂದು ಪೆಸಿಫಿಕ್ ಸಾಗರದ ಚೂಕ್ ದ್ವೀಪದ್ದು. ಅಲ್ಲಿ ಎಲ್ಲರೆದುರು ರಾಜಾರೋಷವಾಗಿ ಕದ್ದರೆ ಅದು ಗಂಡೆದೆಯ ಲಕ್ಷಣ. (ನನಗೆ ಈ ಒಂದೇ ಒಂದು ಬಹಳ ಇಷ್ಟ.) ಲೋಕ ನಾವಂದುಕೊಂಡಷ್ಟು ಚದುರಿಹೋಗಿಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಸತ್ಯಕ್ಕೆ ಸಾಕ್ಷಿಯಲ್ಲ. ಒಡಕಿನಿಂದ ಸತ್ಯ ಸಾಯುವುದಿಲ್ಲ ಅಂದಮೇಲೆ ಒಮ್ಮತದಿಂದ ಅದು ಹುಟ್ಟುವುದೂ ಇಲ್ಲ. ಗುಲಾಮಗಿರಿಯನ್ನು ಎಷ್ಟೊಂದು ನಾಗರಿಕತೆಗಳು ಎಷ್ಟೊಂದು ಕಾಲ ಒಪ್ಪಿಕೊಂಡಿದ್ದವು, ನೆನಪಿರಲಿ. ಮೇಲಿನವರಿಗೆ ತಗ್ಗಿ ನಡೆ ಅನ್ನುವುದು ಆ ಪಟ್ಟಿಯಲ್ಲಿ ಇದೆ ಅನ್ನುವುದೂ ನೆನಪಿರಲಿ.

ನಿಜವಾದ ಏಟು ಕೊಡುವವನು ಡಾರ್ವಿನ್. 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆಯುವಾಗ ಅವನು ಜೇನುಗೂಡಿನ ಮಾತು ಎತ್ತುತ್ತಾನೆ. ಮನುಷ್ಯರು ಜೇನುಹುಳಗಳ ಹಾಗೆ ಬೆಳೆದಿದ್ದರೆ, ಮದುವೆಯಾಗದ ಹೆಣ್ಣುಗಳು ತಮ್ಮ ಅಣ್ಣತಮ್ಮಂದಿರನ್ನು ಕೊಲ್ಲುವುದನ್ನು ಪವಿತ್ರ ಕರ್ತವ್ಯ ಅಂದುಕೊಳ್ಳುತ್ತಿದ್ದರು. ತಾಯಂದಿರು ಹೆರಬಲ್ಲ ಮಗಳನ್ನು ಕೊಲ್ಲಲು ನೋಡುತ್ತಿದ್ದರು. ಅದನ್ನು ತಡೆಯಬೇಕು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಹಾಗೆ ಬರೆಯುತ್ತಾನೆ. ಈ ಮಾತು ಓದಿ ನಾನು ಒಂದೆರಡು ದಿನ ಸರಿಯಾಗಿ ಮಾತಾಡಲಿಲ್ಲ. ಮಗುವಿನ ಅಳು ಕೇಳಿ ಕರುಳು ಹಿಂಡುವುದು ನಮ್ಮ ಜೀವಕುಲ ಉಳಿಯಲು ನೆರವಾಯಿತು, ಅದಕ್ಕೇ ಅದು ನಮ್ಮಲ್ಲಿದೆ. ಬೇರೆ ಥರ ಬಾಳುವ ಜೀವಿಯಾಗಿದ್ದರೆ ಬೇರೆ ಕರುಳು ಇರುತ್ತಿತ್ತು. ಹಾಗಾದರೆ ನನ್ನ ಕರುಳು ಸತ್ಯ ಹೇಳುತ್ತಿದೆ ಅಂತ ಯಾವ ಭರವಸೆ?

ಇದಕ್ಕೆ ಜೆ.ಎಲ್. ಮ್ಯಾಕಿ ಅನ್ನುವ ಆಸ್ಟ್ರೇಲಿಯಾದ ತತ್ವಜ್ಞಾನಿಯ ಮಾತು ಸೇರಿಸಿ. 1977ರ ಅವನ ಪುಸ್ತಕದ ಮೊದಲ ವಾಕ್ಯವೇ, ವಸ್ತುನಿಷ್ಠ ಮೌಲ್ಯಗಳು ಇಲ್ಲ ಅಂತ. ನಮ್ಮ ಭಾಷೆ ಅಂಥ ಮೌಲ್ಯ ಇದೆ ಅಂದುಕೊಂಡೇ ಮಾತಾಡುತ್ತದೆ, ಆದರೆ ಅಂದುಕೊಂಡದ್ದೆಲ್ಲ ಇರಬೇಕಾಗಿಲ್ಲ ಅನ್ನುತ್ತಾನೆ. ಇದು ನೇರ ನನ್ನ ಶುರುವಿನ ಮಾತಿಗೇ ಬಡಿಯುತ್ತದೆ. ‘ತಪ್ಪು’ ಅನ್ನುವ ಪದ ಒಂದೇ ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ದೆವ್ವ ಅನ್ನುವ ಪದವೂ ನಮ್ಮಲ್ಲಿದೆ. ದೇವರು ಹೇಳಿದ್ದೇ ನೀತಿ ಅಂದುಬಿಟ್ಟರೆ ಮುಗಿಯಿತಲ್ಲ ಅನ್ನುವವರಿಗೆ ಪ್ಲೇಟೋ ಹಿಂದೆಯೇ ಒಂದು ಪ್ರಶ್ನೆ ಇಟ್ಟಿದ್ದಾನೆ. ದೇವರು ಇಷ್ಟಪಟ್ಟದ್ದರಿಂದ ಅದು ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಇಷ್ಟಪಟ್ಟನೋ? ಮೊದಲನೆಯದಾದರೆ ಅದೂ ಒಂದು ತಾಳವೇ, ಹಾಕುವವನು ದೊಡ್ಡವನು ಅಷ್ಟೇ.

ಹಾಗಾದರೆ ನನ್ನ ಕೈಯಲ್ಲಿ ಉಳಿದದ್ದೇನು? ಶುರುವಿನಲ್ಲಿ ಹೇಳಿದ ಪಟ್ಟಿಯಲ್ಲಿ ಇನ್ನೊಂದು ಇತ್ತು. ದಾರಿ ತಪ್ಪಿದ.

ದಾರಿ ಲೆಕ್ಕದ ಹಾಗಲ್ಲ. ಅದು ಜನ ನಡೆದು ನಡೆದು ಆದದ್ದು. ಯಾರೂ ನಡೆಯದಿದ್ದರೆ ದಾರಿಯೇ ಇಲ್ಲ. ಒಂದೇ ಗುಡ್ಡಕ್ಕೆ ನಾಲ್ಕು ದಾರಿ ಇರಬಹುದು. ಆದರೆ ತಾಳದ ಹಾಗೂ ಅಲ್ಲ. ಎಲ್ಲಿ ಬೇಕಾದರೂ ದಾರಿ ಆಗುವುದಿಲ್ಲ. ಎಲ್ಲಿ ಕಡಿದು, ಎಲ್ಲಿ ಕೆಸರು, ಎಲ್ಲಿ ಕಾಲಿಟ್ಟರೆ ಕುಸಿಯುತ್ತದೆ ಅನ್ನುವುದು ನಡೆಯುವವರ ಒಪ್ಪಂದದ ಮೇಲೆ ನಿಂತಿಲ್ಲ. ನೀತಿಯ ನೆಲವೂ ಹಾಗೆ ಅಂತ ನನಗೆ ಕಾಣುತ್ತದೆ. ನಮಗೆ ನೋವಾಗುತ್ತದೆ. ನಮ್ಮ ಮಕ್ಕಳು ವರ್ಷಗಟ್ಟಲೆ ಬೇರೆಯವರ ಕೈಯಲ್ಲಿರುತ್ತಾರೆ. ನಾವು ಸಾಯುತ್ತೇವೆ, ನಮ್ಮವರು ಸತ್ತಾಗ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ನಂಬಿದವರು ಮೋಸ ಮಾಡಿದರೆ ಮುರಿದು ಬೀಳುತ್ತೇವೆ. ಇದು ನೆಲ. ಇದನ್ನು ಯಾವ ಸಂಸ್ಕೃತಿಯೂ ಕಟ್ಟಲಿಲ್ಲ. ಇದರ ಮೇಲೆ ಹೆಣ ಸುಡುವುದೂ ಒಂದು ದಾರಿ, ಕಲ್ಲಾಟಿಯರದೂ ಒಂದು ದಾರಿ. ಐದು ವರ್ಷದ ಹುಡುಗಿಯ ಪಾದ ಮುರಿಯುವುದು ದಾರಿಯಲ್ಲ. ಎಷ್ಟು ಜನ ನಡೆದರೂ ಅಲ್ಲ.

ಜೇನುಹುಳದ ನೆಲ ಬೇರೆ, ಒಪ್ಪುತ್ತೇನೆ. ಹಾಗಾಗಿ ನನ್ನದೂ ಒಂದು ಥರದ ಸಾಪೇಕ್ಷವಾದವೇ ಅಂತ ನೀವು ಅನ್ನಬಹುದು. ಅನ್ನಿ. ಎಂಥ ಜೀವಿ ಅನ್ನುವುದಕ್ಕೆ ಸಾಪೇಕ್ಷ, ಯಾವ ಊರು ಅನ್ನುವುದಕ್ಕೆ ಅಲ್ಲ. ಇನ್ನೂ ಒಂದು ತೂತು ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಬೇರೆಯವರ ನೋವು ನೋವೇ ಅಂತ ಒಪ್ಪಿಕೊಂಡೂ, ಅದರಿಂದ ನನಗೇನು ಅಂತ ತಣ್ಣಗೆ ಕೇಳುವವನಿಗೆ ಏನು ಹೇಳುವುದು? ಅವನ ಲೆಕ್ಕ ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಲು ನನಗೆ ಬಂದಿಲ್ಲ. ಲೆಕ್ಕದ ಉತ್ತರ ಪೂರ್ತಿ ದಕ್ಕುವುದಿಲ್ಲ ಅಂದದ್ದು ಅದಕ್ಕೇ.

ಪ್ರಶ್ನೋತ್ತರದಿಂದ ಎರಡು.

ಹಾಗಾದರೆ ಬೇರೆಯವರ ರೂಢಿ ತಪ್ಪು ಅನ್ನಿಸಿದರೆ ಹೋಗಿ ಕೈ ಹಾಕಬಹುದೇ ಅಂತ ಒಬ್ಬರು ಕೇಳಿದರು. ತಪ್ಪು ಅನ್ನುವುದು ಒಂದು, ಕೈ ಹಾಕುವುದು ಇನ್ನೊಂದು ಅಂದೆ. ನಾಗರಿಕತೆ ಕಲಿಸುತ್ತೇವೆ ಅಂತ ಹಡಗಿನಲ್ಲಿ ಬಂದವರು ಏನೇನು ಹೊತ್ತುಕೊಂಡು ಹೋದರು ಅನ್ನುವುದು ಎಲ್ಲರಿಗೂ ಗೊತ್ತಿದೆ. ಅವರನ್ನು ಬೈಯಬೇಕಾದರೂ ಅವರ ರೂಢಿಯಲ್ಲಿ ಅದು ಸರಿಯಿತ್ತು ಅನ್ನುವ ಮಾತನ್ನು ದಾಟಬೇಕಾಗುತ್ತದೆ.

ಇನ್ನೊಂದನ್ನು ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಕೇಳಿದಳು. ಇನ್ನು ನೂರು ವರ್ಷ ಕಳೆದ ಮೇಲೆ ಬರುವವರು ನಮ್ಮ ಯಾವ ರೂಢಿಯನ್ನು ನೋಡಿ ಹೌಹಾರುತ್ತಾರೆ? ಕಾರ್ಖಾನೆಯ ಹಾಗೆ ಪ್ರಾಣಿಗಳನ್ನು ಸಾಕುವುದು ಇರಬಹುದು ಅಂದೆ. ಸಭೆಯಲ್ಲಿ ಸದ್ದು ಎದ್ದಿತು. ಒಬ್ಬರು ವಯಸ್ಸಾದವರನ್ನು ನಾವು ಇಟ್ಟುಕೊಳ್ಳುವ ರೀತಿ ಅಂದರು, ಒಬ್ಬರು ನೆಲ-ನೀರು ಹಾಳು ಮಾಡಿದ್ದು ಅಂದರು. ಮುಂದಿನ ಸಾಲಿನ ಹಿರಿಯರೊಬ್ಬರಿಗೆ ಸಿಟ್ಟು ಬಂತು. “ಅವರ್ಯಾರ್ರೀ ನಮ್ಮನ್ನ ಅಳೆಯೋಕೆ? ನಮ್ಮ ಕಾಲ ನಮಗೆ, ಅವರ ಕಾಲ ಅವರಿಗೆ” ಅಂದರು.

“ಕಾಲು ಕಟ್ಟಿದವರೂ ಹಾಗೇ ಅನ್ನಬಹುದಿತ್ತಲ್ವಾ ಸರ್?” ಅಂದಳು ಹುಡುಗಿ.

ಅವರು ಏನೋ ಹೇಳಲು ಬಾಯಿ ತೆರೆದರು, ನಿಲ್ಲಿಸಿದರು. ಸಭೆ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಹತ್ತಿರ ನಿಂತು ಇನ್ನೂ ವಾದ ಮಾಡುತ್ತಿದ್ದರು. ನಾನು ಪಕ್ಕದಲ್ಲೇ ಇಳಿದು ಬಂದೆ, ಅವರು ಗಮನಿಸಲಿಲ್ಲ.